ಒಂದೇ ಜೆಲ್‌ನಲ್ಲಿ ಎರಡು ಸ್ಯಾಂಪಲ್

ಎಲ್ಲರಿಗೂ ನಮಸ್ಕಾರ. ಮಾಟುಂಗಾದ ಈ ಮೈಸೂರು ಅಸೋಸಿಯೇಷನ್ನಿನಲ್ಲಿ ಪ್ರೋಟೀನ್ ಬಗ್ಗೆ ಕನ್ನಡದಲ್ಲೇ ಮಾತಾಡುವುದು ನನಗೆ ತುಂಬಾ ಖುಷಿ.

ಮಳೆ ಶುರುವಾದರೆ ಮುಂಬೈಯಲ್ಲಿ ಮಲೇರಿಯಾ ಜಾಸ್ತಿ, ಅಲ್ವಾ? ಜ್ವರ ಬಂದವರ ಸೀರಮ್‌ನಲ್ಲಿ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವದಲ್ಲಿ, ಯಾವ ಪ್ರೋಟೀನ್ ಏರಿದೆ, ಯಾವುದು ಇಳಿದಿದೆ? ನಮ್ಮ ಪವಾಯಿಯ ಐಐಟಿಯಲ್ಲೇ ಈ ಪ್ರಶ್ನೆಯ ಮೇಲೆ ಕೆಲಸ ನಡೆದಿದೆ. ಅಲ್ಲಿ ಬಳಸಿದ ಒಂದು ವಿಧಾನದ ಹೆಸರು ಡೈಜ್ (DIGE), ಅಂದರೆ ಎರಡು ಸ್ಯಾಂಪಲ್‌ಗಳ ಪ್ರೋಟೀನ್ ವ್ಯತ್ಯಾಸವನ್ನು ಒಂದೇ ಜೆಲ್‌ನಲ್ಲಿ ನೋಡುವುದು.

ಜೆಲ್ ಅಂದರೆ ಜೆಲ್ಲಿಯಂಥ ತೆಳು ಹಾಳೆ. ವಿದ್ಯುತ್ ಹರಿಸಿ ಅದರಲ್ಲಿ ಪ್ರೋಟೀನ್‌ಗಳನ್ನು ಮೊದಲು ವಿದ್ಯುದಂಶದ ಪ್ರಕಾರ, ಆಮೇಲೆ ಗಾತ್ರದ ಪ್ರಕಾರ ಬಿಡಿಸುವುದು 1975ರಿಂದಲೇ ಚೆನ್ನಾಗಿ ಗೊತ್ತಿತ್ತು. ಒಂದೊಂದು ಪ್ರೋಟೀನ್ ಒಂದೊಂದು ಚುಕ್ಕೆ. ಆದರೆ ರೋಗಿಯದ್ದು ಒಂದು ಜೆಲ್, ಆರೋಗ್ಯವಂತರದ್ದು ಇನ್ನೊಂದು. ಎರಡು ಹಿಟ್ಟನ್ನು ಎರಡು ಕಾವಲಿಯಲ್ಲಿ ಹುಯ್ದರೆ, ದೋಸೆ ಬೇರೆಯಾದದ್ದು ಹಿಟ್ಟಿನಿಂದಲೋ ಕಾವಲಿಯಿಂದಲೋ ಹೇಗೆ ಹೇಳುತ್ತೀರಿ? ಜೆಲ್‌ನ ಕಥೆಯೂ ಅದೇ.

1997ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜೊನಾಥನ್ ಮಿಂಡನ್ ಅವರ ತಂಡ ಇದಕ್ಕೆ ದಾರಿ ತೋರಿಸಿತು. ಸ್ಯಾಂಪಲ್‌ಗಳಿಗೆ ಮೊದಲೇ ಬೇರೆ ಬೇರೆ ಹೊಳೆಯುವ ಬಣ್ಣ ಹಚ್ಚಿ. ಆಮೇಲೆ ಬೆರೆಸಿ ಒಂದೇ ಜೆಲ್‌ನಲ್ಲಿ ಓಡಿಸಿ. ನಂತರ ಒಂದೊಂದು ಬಣ್ಣಕ್ಕೂ ಬೇರೆ ಲೇಸರ್ ಹಾಕಿ ಸ್ಕ್ಯಾನ್ ಮಾಡಿ.

ಬಣ್ಣ ಅಂಟುವುದು ಲೈಸಿನ್ ಎಂಬ ಅಮೈನೋ ಆಮ್ಲಕ್ಕೆ. ಲೈಸಿನ್‌ಗೆ ಧನ ವಿದ್ಯುದಂಶ ಇದೆ. ಬಣ್ಣ ಅಂಟಿದರೆ ಅದು ಹೋಗುತ್ತದೆ. ಅದಕ್ಕೇ ಬಣ್ಣದ ಅಣುವಿನಲ್ಲೇ ಒಂದು ಧನ ವಿದ್ಯುದಂಶ ಇಟ್ಟಿದ್ದಾರೆ. ಹೋದದ್ದು ವಾಪಸ್ ಸಿಕ್ಕಿತು, ಚುಕ್ಕೆ ಜಾಗ ಬಿಟ್ಟು ಸರಿಯುವುದಿಲ್ಲ. ಎಷ್ಟು ಸಲ ಯೋಚಿಸಿದರೂ ನನಗೆ ಇದು ಬೆರಗು. ಸಾಮಾನ್ಯವಾಗಿ 50 ಮೈಕ್ರೋಗ್ರಾಂ ಪ್ರೋಟೀನ್‌ಗೆ 400 ಪಿಕೋಮೋಲ್ (ಅಣುಗಳನ್ನು ಎಣಿಸುವ ತೀರಾ ಸಣ್ಣ ಅಳತೆ) ಬಣ್ಣ, ಪಿಎಚ್ 8.5, ಐಸ್ ಮೇಲೆ ಕತ್ತಲಲ್ಲಿ 30 ನಿಮಿಷ. ಕೊನೆಗೆ ಲೈಸಿನ್ ಸುರಿದು ಉಳಿದ ಬಣ್ಣದ ಕೆಲಸ ನಿಲ್ಲಿಸುತ್ತಾರೆ. ಬಣ್ಣ ಬೇಕೆಂದೇ ಕಡಿಮೆ. ಒಂದು ಪ್ರೋಟೀನ್ ಅಣುವಿಗೆ ಒಂದಕ್ಕಿಂತ ಜಾಸ್ತಿ ಅಂಟಬಾರದು.

ಸೈ3, ಸೈ5 ಬಣ್ಣಗಳು ಎರಡು ಸ್ಯಾಂಪಲ್‌ಗೆ. ಮೂರನೆಯದು ಸೈ2. ಪ್ರಯೋಗದ ಎಲ್ಲ ಸ್ಯಾಂಪಲ್‌ನಿಂದಲೂ ಸಮ ಪಾಲು ತೆಗೆದು ಬೆರೆಸಿ, ಅದಕ್ಕೆ ಸೈ2 ಹಚ್ಚಿ ಪ್ರತಿ ಜೆಲ್‌ನಲ್ಲೂ ಇಡುತ್ತಾರೆ. ಹತ್ತು ಜೆಲ್ ಇದ್ದರೂ ಅಳತೆಗೋಲು ಒಂದೇ. ಈ ವಿಧಾನದ ನಿಜವಾದ ಬಲ ಇದೇ ಅನ್ನುವುದು ನನ್ನ ಅಭಿಪ್ರಾಯ. ಇದನ್ನು ಬಿಟ್ಟು ಸುಮ್ನೆ ಎರಡೇ ಬಣ್ಣ ಹಚ್ಚಿದರೆ, ಜೆಲ್‌ನಿಂದ ಜೆಲ್‌ಗೆ ಬರುವ ವ್ಯತ್ಯಾಸ ಮತ್ತೆ ಒಳಗೆ ನುಗ್ಗುತ್ತದೆ.

ಬಣ್ಣವನ್ನು ಅದಲುಬದಲು ಮಾಡಿಯೂ ನೋಡಬೇಕು. ಕೆಲವು ಪ್ರೋಟೀನ್‌ಗೆ ಒಂದು ಬಣ್ಣ ಸ್ವಲ್ಪ ಹೆಚ್ಚು ಅಂಟುತ್ತದೆ. ಸೀರಮ್‌ನಲ್ಲಂತೂ ಅರ್ಧಕ್ಕಿಂತ ಹೆಚ್ಚು ಪ್ರೋಟೀನ್ ಆಲ್ಬುಮಿನ್ ಒಂದೇ. ಅದನ್ನು ಮೊದಲೇ ತೆಗೆಯದಿದ್ದರೆ ಸಣ್ಣ ಚುಕ್ಕೆಗಳು ಅದರ ಹೊಳಪಿನಲ್ಲಿ ಮುಚ್ಚಿಹೋಗುತ್ತವೆ.

ಇಲ್ಲಿರುವ ವಿದ್ಯಾರ್ಥಿಗಳಿಗೆ ಒಂದು ಮಾತು. ಒಬ್ಬರ ರಕ್ತವನ್ನೇ ಮೂರು ಜೆಲ್‌ನಲ್ಲಿ ಓಡಿಸಿದರೆ ಅದು ಮೂವರು ರೋಗಿಗಳ ಲೆಕ್ಕ ಆಗುವುದಿಲ್ಲ. ಬೇರೆ ಬೇರೆ ಜನರ ಸ್ಯಾಂಪಲ್ ಬೇಕು. ಅದನ್ನು ಕೂಡಿಸುವುದು ನಿಧಾನದ ಕೆಲಸ. ಬಣ್ಣ ಕೊಳ್ಳುವ ಮೊದಲೇ ಅದನ್ನು ಮಾಡಿ.