ರಶೀದಿಯಿಲ್ಲದ ಸುಂಕ

ಅಧ್ಯಕ್ಷರೇ, ಗಲ್ಫ್‌ನಿಂದ ರಜೆಯಲ್ಲಿ ಬಂದಿರುವ ಬಂಧುಗಳೇ, ಅವರ ಮನೆಯವರೇ,

ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ಹಿಡಿದು ಅಧಿಕಾರಿಯ ಮುಂದೆ ನಿಂತವರ ಆತಂಕವನ್ನು ಮಂಗಳೂರಿನ ಸಭೆಗೆ ವಿವರಿಸಬೇಕಾಗಿಲ್ಲ. ನಾನು ಹೇಳಬೇಕೆಂದಿರುವುದು ಇಷ್ಟೇ: ಭ್ರಷ್ಟ ಅಧಿಕಾರಿ ವಸೂಲಿ ಮಾಡುವುದು ಪ್ರಯಾಣಿಕನ ಅವಸರವನ್ನು ನೋಡಿಕೊಂಡು, ಮತ್ತು ನಮ್ಮ ಕಾನೂನು ಆ ಅವಸರವನ್ನು ಇನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

2006ರಲ್ಲಿ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ದುಬೈಗೆ ನೇರ ವಿಮಾನ ಆರಂಭವಾಗುವ ಮೊದಲು ನಮ್ಮವರು ದೂರದ ನಗರದಲ್ಲಿ ಇಳಿದು ರಾತ್ರಿ ಬಸ್ಸಿನಲ್ಲಿ ಊರಿಗೆ ಬರುತ್ತಿದ್ದರು. ಕಾಪುವಿನ ನಮ್ಮ ದೊಡ್ಡಪ್ಪನ ಮಗ ತಂಗಿಯ ಮದುವೆಗೆಂದು ಒಂದು ಟೇಪ್‌ರೆಕಾರ್ಡರ್, ಸೀರೆಗಳು ಮತ್ತು ಒಂದು ಚಿನ್ನದ ಸರ ತಂದಿದ್ದರು. ಪೆಟ್ಟಿಗೆಗೆ ಬಿಗಿದಿದ್ದ ನೈಲಾನ್ ಹಗ್ಗ ಬಿಚ್ಚಿಸಿ, ಬಟ್ಟೆಗಳನ್ನೆಲ್ಲ ಮೇಜಿನ ಮೇಲೆ ಹರಡಿಸಿದ ಕಸ್ಟಮ್ಸ್ ಅಧಿಕಾರಿ ಸುಂಕ ಎಷ್ಟೆಂದು ಹೇಳಲೇ ಇಲ್ಲ. “ಬೆಲೆ ಕಟ್ಟುವವರು ಬೆಳಿಗ್ಗೆ ಬರುತ್ತಾರೆ, ಅಲ್ಲಿ ಕೂತಿರಿ” ಎಂದಷ್ಟೇ ಹೇಳಿದರು. ಹೊರಗೆ ಬಸ್ಸಿನ ಹೊತ್ತು ಮೀರುತ್ತಿತ್ತು. ಅಣ್ಣ ಸುಂಕ ಕಟ್ಟಲು ಸಿದ್ಧರಿದ್ದರು, ಕೈಯಲ್ಲಿ ಹಣವೂ ಇತ್ತು. ಆದರೆ ಕಟ್ಟುವ ದಾರಿಯನ್ನೇ ತೋರಿಸದೆ ಕಾಯಿಸಿದ್ದರಿಂದ, ಪಕ್ಕದಲ್ಲಿದ್ದವರ ಮಾತು ಕೇಳಿ, ನೋಟುಗಳನ್ನು ಪಾಸ್‌ಪೋರ್ಟಿನ ಹಾಳೆಗಳ ನಡುವೆ ಇಟ್ಟು ಕೊಟ್ಟರು. ಪಾಸ್‌ಪೋರ್ಟ್ ವಾಪಸು ಬಂತು, ನೋಟು ಬರಲಿಲ್ಲ, ರಶೀದಿಯಂತೂ ಇಲ್ಲವೇ ಇಲ್ಲ. ರಜೆ ಮುಗಿಸಿ ಹೊರಡಬೇಕಾದದ್ದೂ ಅದೇ ನಿಲ್ದಾಣದಿಂದ; ಹಾಗಾಗಿ ಮನೆಯಲ್ಲಿ ಯಾರೂ ದೂರಿನ ಮಾತೆತ್ತಲಿಲ್ಲ.

ಇಂದು ಹೀಗಾದರೆ ಕಾನೂನು ಏನನ್ನುತ್ತದೆ? 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯಂತೆ ಲಂಚ ಕೊಟ್ಟವನೂ ಅಪರಾಧಿ. ಬಲವಂತಕ್ಕೆ ಸಿಕ್ಕಿ ಕೊಟ್ಟವನು 7 ದಿನಗಳೊಳಗೆ ತನಿಖಾ ಸಂಸ್ಥೆಗೆ ತಿಳಿಸಿದರೆ ಮಾತ್ರ ಅವನಿಗೆ ರಕ್ಷಣೆ. ವರ್ಷಗಟ್ಟಲೆ ದುಡಿದು ಬಂದವನ ಮೊದಲ ವಾರ ಆಸ್ಪತ್ರೆ, ಮದುವೆ, ಬ್ಯಾಂಕುಗಳಲ್ಲೇ ಕಳೆದುಹೋಗುತ್ತದೆ. ಆ ಅವಧಿಯನ್ನು ಗಡಿ ದಾಟುವ ಪ್ರಯಾಣಿಕರ ಮಟ್ಟಿಗಾದರೂ ವಿಸ್ತರಿಸಬೇಕೆಂದು ನಾನು ಒತ್ತಾಯಿಸುತ್ತೇನೆ.

ಕಸ್ಟಮ್ಸ್ ಮೇಜಿನ ವಿಷಯಕ್ಕೆ ಮತ್ತೆ ಬರುತ್ತೇನೆ. 1962ರ ಕಸ್ಟಮ್ಸ್ ಕಾಯ್ದೆಯ 80ನೇ ಸೆಕ್ಷನ್ನಿನಂತೆ, ಪ್ರಾಮಾಣಿಕವಾಗಿ ಘೋಷಿಸಿದ ಸುಂಕಾರ್ಹ ವಸ್ತುವನ್ನು ಇಲಾಖೆಯಲ್ಲೇ ಇಟ್ಟು, ದೇಶ ಬಿಡುವಾಗ ಮರಳಿ ಪಡೆಯಲು ಕೋರಬಹುದು. ಮೈ ತಪಾಸಣೆಗೆ ಮುನ್ನ ತನ್ನನ್ನು ಗೆಜೆಟೆಡ್ ಕಸ್ಟಮ್ಸ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿ ಎಂದು ಕೇಳುವ ಹಕ್ಕು 102ನೇ ಸೆಕ್ಷನ್ನಿನಲ್ಲಿದೆ. ಇಂಥ ಹಕ್ಕುಗಳು ಬ್ಯಾಗು ಬರುವ ಬೆಲ್ಟಿನ ಪಕ್ಕದಲ್ಲೇ ಕನ್ನಡ, ತುಳು, ಬ್ಯಾರಿ, ಕೊಂಕಣಿ ಬಲ್ಲವರಿಗೆ ಅರ್ಥವಾಗುವಂತೆ ದೊಡ್ಡ ಅಕ್ಷರಗಳಲ್ಲಿ ಕಾಣಬೇಕು.

ಹೊರಟು ಹೋಗುವವರ ಸ್ಥಿತಿ ಇನ್ನೂ ಕಷ್ಟದ್ದು. 1983ರ ವಲಸೆ ಕಾಯ್ದೆಯಂತೆ, ಹತ್ತನೇ ತರಗತಿ ದಾಟದೆ ಗಲ್ಫ್ ದೇಶಗಳಿಗೆ ಕೆಲಸಕ್ಕೆ ಹೋಗುವವರು ಸಾಮಾನ್ಯವಾಗಿ ವಲಸೆ ಅನುಮತಿ ಪಡೆಯಬೇಕು. ಏಜೆಂಟನೊಬ್ಬ ಕೌಂಟರಿನಲ್ಲಿ ‘ಸೆಟ್ಟಿಂಗ್’ ಮಾಡಿಸಿ, ವಿಸಿಟ್ ವೀಸಾದಲ್ಲಿ ದಾಟಿಸಿದ ಹೆಣ್ಣುಮಗಳಿಗೆ ಅಲ್ಲಿ ಸಂಬಳ ನಿಂತರೆ, ತೋರಿಸಲು ಕರಾರುಪತ್ರವೂ ಇಲ್ಲ, ಆ ಅನುಮತಿಗೆ ಬೇಕಾದ ಕಡ್ಡಾಯ ವಿಮೆಯೂ ಇಲ್ಲ. ಇಲ್ಲಿ ಕೊಟ್ಟ ಲಂಚ ಅಲ್ಲಿ ಅವಳ ರಕ್ಷಣೆಯನ್ನೇ ಕಿತ್ತುಕೊಂಡಿರುತ್ತದೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಕಸ್ಟಮ್ಸ್ ಕೇಂದ್ರದ ಇಲಾಖೆಯಾದ್ದರಿಂದ ದೂರನ್ನು ಲೋಕಾಯುಕ್ತಕ್ಕಲ್ಲ, ಸಿಬಿಐಗೆ ಅಥವಾ ಕೇಂದ್ರ ಜಾಗೃತ ಆಯೋಗಕ್ಕೆ ಕೊಡಬೇಕು. ಅದರಲ್ಲಿ ದಿನಾಂಕ, ವಿಮಾನ ಸಂಖ್ಯೆ, ಮೇಜು ಎಲ್ಲಿತ್ತು, ಎಷ್ಟು ಹೊತ್ತು ಕಾಯಿಸಿದರು, ಇವಿಷ್ಟನ್ನು ತಪ್ಪದೆ ಬರೆಯಿರಿ. ಬರೆಯಲು ನೆರವು ಬೇಕಾದವರು ಸಭೆ ಮುಗಿದ ಮೇಲೆ ನನ್ನನ್ನು ಕಾಣಬಹುದು. ನಾನು ಇಲ್ಲೇ ಇರುತ್ತೇನೆ.