ಹೊಗೆ ಯಾವ ಕಡೆ ಬಾಗಿದೆ?

ಎಲ್ಲರಿಗೂ ನಮಸ್ಕಾರ. ತುಲಾ ಸಂಕ್ರಮಣ ಮುಗಿಯಿತು, ನಮ್ಮ ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಹತ್ತಿರ ಬಂತು. ಅರೇಬಿಕಾ ಕಾಫಿ ಹಣ್ಣಾಗುವ ಹೊತ್ತಲ್ಲಿ ತೋಟ ಬಿಟ್ಟು ಬಂದಿದ್ದೀರಿ, ಹಾಗಾಗಿ ನೇರವಾಗಿ ಹೇಳಿಬಿಡುತ್ತೇನೆ. ಈಚೆಗೆ ಎರಡು ದಿನ ಮೋಡ ಕವಿದು ಥಂಡಿಯಾದರೆ ಸಾಕು, ಯಾರಾದರೂ ಮೊಬೈಲ್ ನೋಡಿ ‘ಕೋಲ್ಡ್ ಫ್ರಂಟ್ ಬಂತು’ ಅನ್ನುತ್ತಾರೆ. ಬಂದಿಲ್ಲ. ಅದು ಓಡಾಡುವ ಊರೇ ಬೇರೆ.

ಆ ಹೆಸರು ಇಟ್ಟವರು ನಾರ್ವೆಯ ಬರ್ಗೆನ್ ಊರಿನ ವಿಜ್ಞಾನಿಗಳು, ಮೊದಲ ಮಹಾಯುದ್ಧ ಮುಗಿದ ಹೊಸತರಲ್ಲಿ. ತಂಪು ಗಾಳಿಯೂ ಬೆಚ್ಚನೆ ಗಾಳಿಯೂ ಎದುರಾಗುವ ಗಡಿಗೆ ಯುದ್ಧದ ಮಾತನ್ನೇ ಹಿಡಿದರು. ಮುಂದಿನ ಸಾಲಿನಲ್ಲಿ ಕೂತ ಸುಬೇದಾರರಿಗೆ ಫ್ರಂಟ್ ಅಂದರೆ ಏನೆಂದು ನಾನು ಹೇಳಿಕೊಡಬೇಕಾ! ತಂಪು ಗಾಳಿ ಭಾರ. ಅದು ನೆಲ ಹಿಡಿದು ನುಗ್ಗಿ ಬೆಚ್ಚನೆ ಗಾಳಿಯನ್ನು ಮೇಲಕ್ಕೆತ್ತುತ್ತದೆ. ಶಿಕಾಗೋದಲ್ಲಿರುವ ನನ್ನ ಅಕ್ಕನ ಮಗಳು ಅಕ್ಟೋಬರಿನಲ್ಲಿ ನೋಡುವುದು ಅದನ್ನೇ. ಬೆಳಿಗ್ಗೆ ತೆಳು ಅಂಗಿ, ಮಧ್ಯಾಹ್ನ ಗಾಳಿ ತಟ್ಟನೆ ವಾಯವ್ಯಕ್ಕೆ ತಿರುಗಿ ಒಂದು ಜೋರು ಮಳೆ, ಸಂಜೆಗೆ ಸ್ವೆಟರ್. ಮಾರನೆ ದಿನ ತೊಳೆದಿಟ್ಟಂಥ ಆಕಾಶ.

ಅವಳ ಗಂಡ ಒಂದು ಸಲ ಪುತ್ತರಿಗೆಂದು ಬಂದಿದ್ದರು. ಎರಡು ದಿನ ಹನಿ ಮಳೆ ಸುರಿದು, ಮೂರನೆ ದಿನ ಬೆಳಿಗ್ಗೆ ಒಳ್ಳೆ ಬಿಸಿಲು. ಅಳಿಯಂದಿರು ಫೋನ್ ನೋಡಿ, “ಮಾವ, ಫ್ರಂಟ್ ದಾಟಿತು. ಇನ್ನು ನಾಲ್ಕು ದಿನ ಯೋಚನೆಯೇ ಬೇಡ” ಎಂದರು. ನಾನು ಚೆರಿಯನ್ನೆಲ್ಲ, ಅಂದರೆ ಕೊಯ್ದ ಕಾಫಿ ಹಣ್ಣನ್ನೆಲ್ಲ, ಒಣಗಲು ಕಣದ ತುಂಬ ಹರಡಿಸಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಪಕ್ಕದ ಮನೆಯಲ್ಲಿ ಮದುವೆ, ಚಪ್ಪರಕ್ಕೆ ಬೇಕೆಂದು ಕೇಳಿದರು. ಟರ್ಪಾಲನ್ನೂ ಕೊಟ್ಟು ಕಳಿಸಿದೆ! ನಮ್ಮ ತೋಟದ ಲೆಕ್ಕ ಬರೆಯುವ ರೈಟರ್, ಕೆಲಸದವರ ಲೈನ್ ಮನೆ ಕಡೆ ನೋಡುತ್ತಾ ನಿಂತಿದ್ದ. “ಸಾರ್, ಒಲೆ ಹೊಗೆ ಪಡುವಣಕ್ಕೆ ಬಾಗಿದೆ” ಎಂದ. ನಾನು ಓದಿದವನು, ಅಳಿಯಂದಿರು ನನಗಿಂತ ಜಾಸ್ತಿ ಓದಿದವರು. ಅವನ ಮಾತು ಯಾರು ಕೇಳುತ್ತಾರೆ?

ಮೂರು ಗಂಟೆಗೆ ಬಿತ್ತು ನೋಡಿ. ನನ್ನ ಟರ್ಪಾಲಿನ ಕೆಳಗೆ ಮದುವೆ ಊಟ ಒಂದು ಹನಿ ತಾಗದೆ ನಡೆಯಿತು. ಕಣದಲ್ಲಿ ಚೆರಿ ತೇಲಿ ಮೂಲೆಗೆ ಸೇರಿತು. ಮಾರನೆ ದಿನ ಅದರ ಹುಳಿ ವಾಸನೆ ಜಗಲಿವರೆಗೂ ಬರುತ್ತಿತ್ತು. ರೈಟರ್ ಮಳೆ ರಿಜಿಸ್ಟರ್ ತಂದು ತೋರಿಸಿದ: 1 ಇಂಚು 20 ಸೆಂಟು. ಬೇರೇನೂ ಹೇಳಲಿಲ್ಲ, ಪುಣ್ಯಾತ್ಮ.

ಅವನು ಹೊಗೆ ನೋಡಿದ್ದು ಸುಮ್ನೆ ಅಲ್ಲ. ಹೊಗೆ ಪಡುವಣಕ್ಕೆ ಬಾಗಿದೆ ಅಂದರೆ ಗಾಳಿ ಮೂಡಣದಿಂದ ಬೀಸುತ್ತಿದೆ. ಮುಂಗಾರು ನಮಗೆ ಪಡುವಣದಿಂದ ಬರುತ್ತದೆ. ಹಿಂಗಾರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಗಾಳಿ ಮೂಡಣದಿಂದ ತಿರುಗುತ್ತದೆ. ನಡುವೆ ಬಿಸಿಲು ಬಂದರೂ ಗಾಳಿ ಮೂಡಣದ್ದೇ ಆಗಿದ್ದರೆ ಮಳೆ ಇನ್ನೂ ಹಿಂದೆ ಇರಬಹುದು. 2024ರ ನವೆಂಬರ್ 30ರ ರಾತ್ರಿ ಪುದುಚೇರಿ ಹತ್ತಿರ ದಡ ಸೇರಿದ ಫೆಂಗಲ್ ಚಂಡಮಾರುತ ನೆನಪಿದೆಯಲ್ವಾ? ಬಲ ಕಳೆದುಕೊಂಡ ಮೇಲೂ ಅದು ಅರಬ್ಬಿ ಸಮುದ್ರದ ಕಡೆಗೆ ದಾಟುತ್ತಾ ನಮ್ಮನ್ನು ನೆನೆಸಿಯೇ ಹೋಯಿತು. ಇದಕ್ಕೂ ಶಿಕಾಗೋದ ಫ್ರಂಟಿಗೂ ಸಂಬಂಧವಿಲ್ಲ.

‘ಹಾಗಾದರೆ ಮಳೆ ಹೋದ ಮೇಲೆ ಚಳಿ ಯಾಕೆ?’ ಕೇಳುತ್ತೀರಿ. ಮೋಡ ಅಂದರೆ ಕಂಬಳಿ. ಅದನ್ನು ಎಳೆದುಬಿಟ್ಟರೆ ನೆಲದ ಬಿಸಿ ರಾತ್ರಿಯೆಲ್ಲ ಆಕಾಶಕ್ಕೆ ಹೋಗುತ್ತದೆ. ತಣ್ಣಗಾದ ಗಾಳಿ ಭಾರವಾಗಿ ಜಾರಿ ಗದ್ದೆಗೆ ಇಳಿಯುತ್ತದೆ. ಬೆಳಿಗ್ಗೆ ಗದ್ದೆ ಬದುವಿನಲ್ಲಿ ಮಂಜು ಸೊಂಟದವರೆಗೆ, ಮೇಲೆ ಮನೆ ಅಂಗಳದಲ್ಲಿ ಬಿಸಿಲು. ನೋಡಿದ್ದೀರಲ್ಲ? ಚಳಿ ಎಲ್ಲಿಂದಲೋ ಬಂದದ್ದಲ್ಲ, ಇಲ್ಲೇ ಹುಟ್ಟಿದ್ದು.

ಹೊತ್ತಾಯಿತೆಂದು ಚೀಟಿ ಬಂತು. ಮಳೆ ಮಾಪಕದ ವಿಷಯ ಇನ್ನೂ ಇತ್ತು. ಬೇಗ ಹೇಳುತ್ತೇನೆ: ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆಯಿರಿ, ಜೊತೆಗೆ ಗಾಳಿಯ ದಿಕ್ಕನ್ನೂ ಬರೆಯಿರಿ. 100 ಸೆಂಟು ಅಂದರೆ ಒಂದು ಇಂಚು, 25.4 ಮಿಲಿಮೀಟರ್. ಕಾಫಿ ಹೂ ಅರಳಿಸುವ ಹೂಮಳೆ ಬಗ್ಗೆ ಇನ್ನೊಂದು ಸಲ.

ಕಿಟಕಿ ಹತ್ತಿರ ಇರುವವರು ಸ್ವಲ್ಪ ಹೊರಗೆ ನೋಡಿ. ಅಡುಗೆಯವರ ಒಲೆ ಹೊಗೆ ಯಾವ ಕಡೆ ಹೋಗುತ್ತಿದೆ? ಪಡುವಣಕ್ಕಾ? ಹಾಗಾದರೆ ಕಣದಲ್ಲಿ ಕಾಫಿ ಇರುವವರು ಮೊದಲ ಪಂಕ್ತಿಗೇ ಕೂತುಬಿಡಿ.