ಪಾತ್ರೆ ತೊಳೆಸಿದರು, ಹೌದು. ಅದಕ್ಕೇ ಅದು ನನ್ನ ಮನೆ

ನಮಸ್ಕಾರ ಎಲ್ಲರಿಗೂ. ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: 'ಡೆನ್ಮಾರ್ಕಿನವರಿಗೆ ಮನುಷ್ಯತ್ವವೇ ಇಲ್ಲ. ಮನೆಗೆ ಬಂದ ಹುಡುಗಿ ಕೈಲಿ ಪಾತ್ರೆ ತೊಳೆಸುತ್ತಾರೆ.' ಹೌದು ಸರ್, ತೊಳೆಸಿದರು. ನನಗೆ ಅಲ್ಲಿ ಸಿಕ್ಕ ದೊಡ್ಡ ಮರ್ಯಾದೆಯೇ ಅದು.

ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮದಲ್ಲಿ ಒಂದು ವರ್ಷ ಡೆನ್ಮಾರ್ಕಿನ ಒಂದು ಕುಟುಂಬದ ಮನೆಯಲ್ಲಿದ್ದೆ. ಆರ್ಹುಸ್ ನಗರದ ಪಕ್ಕದ ಒಂದು ಊರು. ನನಗೆ 17 ವರ್ಷ. ಬಂದ ದಿನವೇ ಮನೆಯ ಬೀಗದ ಕೈ ಕೊಟ್ಟರು. ಎರಡನೇ ವಾರ ನೋಡಿದರೆ, ಫ್ರಿಜ್ ಮೇಲಿನ ಅಡುಗೆ ಸರದಿಯ ಪಟ್ಟಿಯಲ್ಲಿ ಗುರುವಾರದ ಮುಂದೆ ನನ್ನ ಹೆಸರು! ರೂಮಿಗೆ ಹೋಗಿ ಅತ್ತೆ. ನಮ್ಮ ಮೈಸೂರಲ್ಲಿ ನೆಂಟರಿಗೆ ಉಂಡ ತಟ್ಟೆ ಎತ್ತಲೂ ಬಿಡುವುದಿಲ್ಲ, ಅಲ್ವಾ?

ಗುರುವಾರ ಚಿತ್ರಾನ್ನ ಮಾಡಿದೆ. ಸಾಸಿವೆ ಸಿಡಿದಾಗ ಅವರ ಚಿಕ್ಕ ಮಗ ಬೆಚ್ಚಿ ಹಿಂದೆ ಸರಿದ. ಸಂಜೆ 6 ಗಂಟೆಗೆ ಮೇಣದಬತ್ತಿ ಹಚ್ಚಿ ಊಟಕ್ಕೆ ಕೂತೆವು. ಎದ್ದೇಳುವಾಗ ಎಲ್ಲರೂ ನನ್ನ ಕಡೆ ತಿರುಗಿ 'ತಕ್ ಫಾರ್ ಮಾಡ್' ಅಂದರು. ಊಟಕ್ಕೆ ಥ್ಯಾಂಕ್ಸ್ ಅಂತ. ದಿನಾ ನಾನು ಹೇಳುತ್ತಿದ್ದ ಮಾತು ಅವತ್ತು ನನಗೇ ಬಂತು. ಮಾಡಿ ಬಡಿಸಿದವಳು ನೆಂಟಳು ಹೇಗಾಗುತ್ತಾಳೆ ಹೇಳಿ?

'ಅವರ ಭಾಷೇಲಿ ಪ್ಲೀಸ್ ಅನ್ನುವ ಪದವೇ ಇಲ್ಲವಂತೆ' ಅಂತ ಇನ್ನೊಬ್ಬರು. ಅದಕ್ಕೆ ಸರಿಯಾಗಿ ಹೊಂದುವ ಒಂದೇ ಪದ ಡ್ಯಾನಿಶ್‌ನಲ್ಲಿ ಇಲ್ಲ, ನಿಜ. ಏನೀಗ? ನೀವು ಮನೇಲಿ 'ಅಮ್ಮಾ, ದಯವಿಟ್ಟು ನೀರು ಕೊಡು' ಅಂತೀರಾ?

'ಪುಕ್ಕಟೆ ಕೆಲಸದವಳು ಸಿಕ್ಕಳು' ಅಂದವರೂ ಇದ್ದಾರೆ. ಸುಮ್ನೆ ಬಾಯಿಗೆ ಬಂದದ್ದು ಬರೆಯಬೇಡಿ. ನಾನು ಹೋದ ಕಾರ್ಯಕ್ರಮದಲ್ಲಿ ಹೋಸ್ಟ್ ಫ್ಯಾಮಿಲಿಗೆ, ಅಂದರೆ ಮನೇಲಿ ಇಟ್ಟುಕೊಳ್ಳುವ ಕುಟುಂಬಕ್ಕೆ, ಒಂದು ಕ್ರೋನ (ಅಲ್ಲಿನ ನಾಣ್ಯ) ಕೂಡ ಕೊಡುವುದಿಲ್ಲ. ವರ್ಷವಿಡೀ ತಮ್ಮ ದುಡ್ಡಲ್ಲೇ ಊಟ ಹಾಕಿದರು. ಅವರ ಮಕ್ಕಳೂ ಪಾತ್ರೆ ತೊಳೆಯುತ್ತಿದ್ದರು. ನನ್ನೊಬ್ಬಳಿಗೆ ಮಾತ್ರ 'ನೀನು ಕೂತ್ಕೋ' ಅಂದಿದ್ದರೆ? ಆಗ ನಾನು ಹೊರಗಿನವಳು. ವರ್ಷಪೂರ್ತಿ ಹೊರಗಿನವಳು!

ಡಿಸೆಂಬರಿನಲ್ಲಿ ಅಲ್ಲಿ ಮಧ್ಯಾಹ್ನ 4ಕ್ಕೆ ಮೊದಲೇ ಕತ್ತಲಾಗುತ್ತದೆ. ಆ ಕತ್ತಲಲ್ಲಿ ಊರಿನ ನೆನಪು ಜಾಸ್ತಿ. ಒಂದು ಸಂಜೆ ಸುಮ್ಮನೆ ಕೂತಿದ್ದೆ. ಅಲ್ಲಿನ ಅಮ್ಮ (ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದೆ, ಅಲ್ಲಿ ಅದೇ ರೂಢಿ) ಏನೂ ಕೇಳಲಿಲ್ಲ. ಕೈಗೊಂದು ಚಾಕು ಕೊಟ್ಟು, ನಾಳೆಯ ಬುತ್ತಿಗೆ ರೈ ಬ್ರೆಡ್ (ರೈ ಅನ್ನುವ ಧಾನ್ಯದ ಬ್ರೆಡ್) ಕತ್ತರಿಸೋಣ ಬಾ ಅಂದರು. ಇಬ್ಬರೂ ನಿಂತು ಕತ್ತರಿಸಿದೆವು. ಅದು ಮನುಷ್ಯತ್ವ ಅಲ್ಲದಿದ್ದರೆ ಇನ್ಯಾವುದು?

ಆ ಬುತ್ತಿ ಕಟ್ಟುವುದನ್ನೇ ಮುಂದಿನ ವಾರ ತೋರಿಸುತ್ತೇನೆ, ಚಾನೆಲ್ ಸಬ್‌ಸ್ಕ್ರೈಬ್ ಮಾಡಿಕೊಳ್ಳಿ. ಆಮೇಲೆ, ಆ ಕಾಮೆಂಟ್ ಹಾಕಿದವರು ಇದನ್ನೊಮ್ಮೆ ನೋಡಿ. ನಾನು ಹೊರಡುವ ದಿನ ಫ್ರಿಜ್ ಮೇಲಿನ ಪಟ್ಟಿ ತೆಗೆದು ನನ್ನ ಬ್ಯಾಗಿಗೆ ಹಾಕಿದ್ದರು. ಇಗೋ, ಹತ್ತಿರ ಹಿಡಿಯುತ್ತೇನೆ. ಗುರುವಾರ. ನನ್ನ ಹೆಸರು. ಕಾಣುತ್ತಿದೆಯಾ?